ಈಸಲು ಏಳುವ ಸಂಜೆ

ನಮ್ಮ ಹೊಂಗನೂರಿನ ಕಡೆ ಕೆರೆಗೆ ಗಾಳ ಹಾಕುವವರಿಗೆ ಇಡೀ ವರ್ಷದಲ್ಲಿ ಹಬ್ಬದಂಥ ಸಂಜೆಗಳು ಸಿಗುವುದು ನಾಲ್ಕೋ ಐದೋ. ಅವು ಯಾವ ತಾರೀಖಿಗೆ ಬರುತ್ತವೆ ಎಂದು ಪಂಚಾಂಗ ಹೇಳುವುದಿಲ್ಲ, ಮೊಬೈಲೂ ಹೇಳುವುದಿಲ್ಲ. ಬೇಸಿಗೆ ಕಳೆದು ಒಂದೆರಡು ಹದವಾದ ಮಳೆ ಬಿದ್ದ ಮೇಲೆ, ಗಾಳಿ ನಿಂತ ಒಂದು ಸಂಜೆ, ಹುತ್ತದ ಬಾಯಿ ತೆರೆದು ರೆಕ್ಕೆ ಬಂದ ಗೆದ್ದಲು ಹೊಗೆಯ ಹಾಗೆ ಮೇಲೇಳುತ್ತದೆ. ಅದೇ ಈಸಲು. ಕೆಲವರ ಬಾಯಲ್ಲಿ ಈಚಲು, ಪೇಟೆಯವರ ಬಾಯಲ್ಲಿ ಮಳೆಹುಳ. ಈಸಲು ಎದ್ದರೆ ಕೆರೆಯ ಮೀನು ನೀರಿನ ಮೇಲಕ್ಕೆ ಬರುತ್ತದೆ. ಮೀನು ಮೇಲಕ್ಕೆ ಬಂದರೆ ನಮ್ಮ ತಾತ ಮನೆಯಲ್ಲಿ ನಿಲ್ಲುವುದಿಲ್ಲ.

ನಾನು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ವಿಷಯ, ಹಳೆಯ ಮೈಸೂರು ಸೀಮೆಯ ಕೆರೆಗಳು. ಏರಿ ಕಟ್ಟಿಸಿದವರು ಯಾರು, ತೂಬು ಎತ್ತುವ ಹಕ್ಕು ಯಾರದ್ದು, ಹೂಳು ತೆಗೆಯುವ ಹೊಣೆ ಯಾರದ್ದು ಎಂದು ಐದು ವರ್ಷದಿಂದ ಕಡತ ತಿರುವಿ ಹಾಕುತ್ತಿದ್ದೇನೆ. ಕೆರೆಯ ಬಗ್ಗೆ ಮುನ್ನೂರು ಪುಟ ಬರೆಯಬೇಕಾದ ನನಗೆ, ಕೆರೆಯ ಪಕ್ಕ ಕೂತಿರಲೇಬೇಕಾದ ಸಂಜೆ ಯಾವುದು ಎಂದು ಫೋನು ಮಾಡಿ ಹೇಳುವುದು ಮಾತ್ರ ಎಂಬತ್ತು ದಾಟಿದ ತಾತ.

ಹುಳ ಏಳುವ ಹೊತ್ತು ನೋಡಿಕೊಂಡು ಗಾಳ ಹಿಡಿದು ಹೊರಡುವುದು ನಮ್ಮೂರಿನವರ ಚಾಳಿ ಮಾತ್ರ ಎಂದೇ ಬಹಳ ದಿನ ನಂಬಿದ್ದೆ. ಗ್ರಂಥಾಲಯದಲ್ಲಿ ಬ್ರಿಟಿಷರ ಕಾಲದ ಶಿಕಾರಿ ಪುಸ್ತಕಗಳನ್ನು ಓದುವಾಗ ಗೊತ್ತಾಯಿತು, ಇಂಗ್ಲೆಂಡಿನವರು ಇದನ್ನು ದೊಡ್ಡ ಶಾಸ್ತ್ರವನ್ನೇ ಮಾಡಿ ಇಟ್ಟಿದ್ದಾರೆ ಎಂದು. ಅಲ್ಲಿನ ತಣ್ಣನೆಯ, ತಿಳಿನೀರಿನ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಹೊಳೆಯ ತಳದ ಕೆಸರಿನಲ್ಲಿ ಒಂದೆರಡು ವರ್ಷ ಮರಿಯಾಗಿ ಬದುಕುವ ಮೇಫ್ಲೈ ಎಂಬ ಹುಳ, ಮೇ ಕೊನೆಯ ಹೊತ್ತಿಗೆ ಸಾವಿರಗಟ್ಟಲೆ ಒಟ್ಟಿಗೆ ನೀರಿನ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವುದಕ್ಕೆ ಬಾಯಿಯೇ ಇರುವುದಿಲ್ಲ. ಕೂಡಿ, ಮೊಟ್ಟೆ ಇಟ್ಟು, ಒಂದೆರಡು ದಿನದಲ್ಲೇ ಸಾಯುತ್ತದೆ. ಆ ಹೊತ್ತಿನಲ್ಲಿ ಟ್ರೌಟ್‌ಗೆ ಬೇರೆ ಯಾವ ತಿನಿಸೂ ಬೇಡ. ಆದ್ದರಿಂದ ಗಾಳ ಹಾಕುವವರು ಗರಿ, ರೇಷ್ಮೆ ನೂಲು, ಪ್ರಾಣಿಯ ಕೂದಲು ಸುತ್ತಿ ಅದೇ ಹುಳದ ಬೊಂಬೆ ಮಾಡಿ ಕೊಕ್ಕೆಗೆ ಕಟ್ಟುತ್ತಾರೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಪುಸ್ತಕವೊಂದರಲ್ಲಿ ಮಾರ್ಚಿನಿಂದ ಆಗಸ್ಟ್‌ವರೆಗೆ ಯಾವ ತಿಂಗಳಿಗೆ ಯಾವ ಹುಳದ ಬೊಂಬೆ ಎಂದು ಹನ್ನೆರಡು ಬಗೆ ಹೇಳಿದೆ. ಮೇಫ್ಲೈ ಏಳುವ ದಿನಗಳಿಗೆ ಅಲ್ಲಿ ‘ದಡ್ಡರ ಹದಿನೈದು ದಿನ’ ಎಂಬ ಅಡ್ಡಹೆಸರು. ಆಗ ಎಂಥ ದಡ್ಡ ಗಾಳ ಹಾಕಿದರೂ ಮೀನು ಬೀಳುತ್ತದಂತೆ. ಇದನ್ನು ತಾತನಿಗೆ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. “ದಡ್ರಿಗೇ ಹದಿನೈದ್ ದಿನ ಕೊಟ್ಟವ್ರಲ್ಲ, ನಮ್ಗೆ ಒಂದ್ ಗಂಟೆನೂ ಇಲ್ವಲ್ಲವ್ವ” ಎಂದರು.

ಟ್ರೌಟ್ ನಮ್ಮ ಕೆರೆಗೆ ಬರುವ ಮೀನಲ್ಲ. ಅದಕ್ಕೆ ತಣ್ಣನೆಯ ನೀರೇ ಬೇಕು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬ್ರಿಟಿಷರು ನೀಲಗಿರಿ ಬೆಟ್ಟದ ಹೊಳೆಗಳಲ್ಲಿ ಅದನ್ನು ತಂದು ನೆಲೆಗೊಳಿಸಿದರು. ನಮ್ಮ ಜಿಲ್ಲೆಯಲ್ಲಿ ಹೊರದೇಶದ ಗಾಳದವರನ್ನು ಸೆಳೆದದ್ದು ಬೇರೆ ಮೀನು, ಕನಕಪುರದ ಆಚೆ ಕಾವೇರಿಯಲ್ಲಿರುವ ಮಹಶೀರ್. ಅದಕ್ಕೆ ರಾಗಿ ಹಿಟ್ಟಿನ ಉಂಡೆಯೇ ಎರೆ. ಗಾಳಿಬೋರೆ, ಭೀಮೇಶ್ವರಿಯ ಕಡೆ ನೀರು ಇಳಿದು ತಿಳಿಯಾಗುವ ಜನವರಿ, ಫೆಬ್ರವರಿ, ಮಾರ್ಚಿ ತಿಂಗಳುಗಳಿಗೆ ಅವರು ಮೊದಲೇ ಜಾಗ ಕಾದಿರಿಸಿ ವಿಮಾನ ಹತ್ತಿ ಬರುತ್ತಿದ್ದರು. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದಕ್ಕೆ ತಡೆ ಬಿತ್ತು. ನಮ್ಮ ಕೆರೆಯ ಗಾಳಕ್ಕೆ ಯಾರೂ ಜಾಗ ಕಾದಿರಿಸಲಾರರು. ಈಸಲಿಗೆ ಮುಂಗಡ ಕೊಡಲಾಗುವುದಿಲ್ಲ.

ಹಾಗಂತ ನಮಗೆ ಲೆಕ್ಕವೇ ಇಲ್ಲ ಎಂದಲ್ಲ. ಮಳೆ ನಕ್ಷತ್ರದ ಲೆಕ್ಕ ಇದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಅಷ್ಟು ದಿನದ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ 27ರ ಸುಮಾರಿಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರಾ, 22ಕ್ಕೆ ಆರಿದ್ರಾ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ರೈತರಿಗೆ ಎಷ್ಟು ನಿಜವೋ ತಾತನಿಗೂ ಅಷ್ಟೇ ನಿಜ, ಅರ್ಥ ಮಾತ್ರ ಬೇರೆ. ಭರಣಿಯಲ್ಲಿ ನೆಲ ನೆನೆದರೆ ಕೃತ್ತಿಕೆಯೊಳಗೆ ಈಸಲು ಎನ್ನುವುದು ಅವರ ಲೆಕ್ಕ. ನಕ್ಷತ್ರ ಹೇಳುವುದು ಬಾಗಿಲು ಯಾವುದು ಎಂದು ಮಾತ್ರ. ಬಾಗಿಲು ತೆರೆಯುವ ಸಂಜೆ ಯಾವುದು ಎಂದು ಹೇಳುವುದು ಹುತ್ತ.

ಹುತ್ತದೊಳಗೆ ನಡೆಯುವುದು ಸಣ್ಣ ಕೆಲಸವಲ್ಲ. ರೆಕ್ಕೆಯ ಗೆದ್ದಲುಗಳು ಒಂದೇ ದಿನಕ್ಕೆ ಹುಟ್ಟಿದವಲ್ಲ. ಅವು ತಿಂಗಳುಗಟ್ಟಲೆ ಒಳಗೇ ಬೆಳೆದು, ಮೈಯಲ್ಲಿ ಕೊಬ್ಬು ತುಂಬಿಕೊಂಡು, ಮಳೆಗೆ ಕಾದು ಕೂತಿರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೆಲಸಗಾರ ಗೆದ್ದಲುಗಳು ಹುತ್ತದ ಮೈಗೆ ಸಣ್ಣ ಸಣ್ಣ ಸೀಳು ಕೊರೆದು ಬಾಗಿಲು ಮಾಡುತ್ತವೆ. ಹೊರಗೆ ಗಾಳಿ ನಿಂತು, ತೇವ ಹೆಚ್ಚಿದ ಹೊತ್ತಿಗೆ ಒಂದೇ ಸಲ ಎಲ್ಲವೂ ಹೊರಡುತ್ತವೆ. ಆಶ್ಚರ್ಯವೆಂದರೆ ಒಂದು ಹುತ್ತ ಎದ್ದ ಸಂಜೆಯೇ ಊರ ಸುತ್ತಲಿನ ಹತ್ತಾರು ಹುತ್ತ ಏಳುವುದು. ಅದಕ್ಕೆ ಎರಡು ಕಾರಣ. ಬೇರೆ ಹುತ್ತದ ಜೊತೆಗಾರ ಸಿಗಬೇಕು, ಅದು ಒಂದು. ಕಾಜಾಣ, ಗೊರವಂಕ, ಕಪ್ಪೆ, ಬಾವಲಿ, ನಾಯಿ, ಮನುಷ್ಯ, ಮೀನು ಎಲ್ಲರೂ ಹೊಟ್ಟೆ ಬಿರಿಯ ತಿಂದರೂ ಕೆಲವಾದರೂ ಉಳಿಯುವಷ್ಟು ಒಟ್ಟಿಗೆ ಹೊರಡಬೇಕು, ಅದು ಇನ್ನೊಂದು. ಉಳಿದವು ರೆಕ್ಕೆ ಉದುರಿಸಿ, ಜೋಡಿಯಾಗಿ, ಹಸಿ ಮಣ್ಣು ತೋಡಿಕೊಂಡು ಒಳಗೆ ಹೋಗುತ್ತವೆ. ಒಣ ನೆಲವಾದರೆ ಅವಕ್ಕೆ ತೋಡಲಾಗದು. ಮಳೆಗೆ ಕಾಯುವುದು ಅದಕ್ಕೇ.

ತಾತನ ಗುರುತುಗಳು ನಾಲ್ಕು. ಮಳೆ ಬರೀ ಧೂಳು ಅಡಗಿಸಿದರೆ ಸಾಲದು, ನೆಲ ಗೇಣುದ್ದ ನೆನೆಯಬೇಕು. ಮಾರನೆಯ ದಿನ ಬಿಸಿಲು ಬಿದ್ದು ಮೈ ಬೆವರು ಆರದಂಥ ಸೆಕೆ ಇರಬೇಕು. ಹುತ್ತದ ಮೇಲೆ ಹಸಿ ಮಣ್ಣಿನ ಹೊಸ ಸೀಳು ಕಾಣಬೇಕು. ಸಂಜೆ ಕಾಜಾಣಗಳು ಹುತ್ತದ ಹತ್ತಿರದ ಕರೆಂಟು ತಂತಿಯ ಮೇಲೆ ಸಾಲಾಗಿ ಬಂದು ಕೂರಬೇಕು. ನಾಲ್ಕೂ ಕೂಡಿಬಂದರೆ ಅವ್ವ ದೀಪದ ಕೆಳಗೆ ನೀರು ತುಂಬಿದ ಬೋಗುಣಿ ಇಡುತ್ತಾರೆ. ಬಿದ್ದ ಈಸಲನ್ನು ಬಾಚಿ, ರೆಕ್ಕೆ ಕೇರಿ, ಉಪ್ಪು ಹಾಕಿ ಹುರಿದು, ಕಡ್ಲೆಪುರಿಗೆ ಬೆರೆಸಿದರೆ ಅದರ ರುಚಿಗೆ ಸಾಟಿಯಿಲ್ಲ. ತಾತನ ಪಾಲು ಮಾತ್ರ ಹುರಿಯುವ ಮೊದಲೇ ಒಂದು ಡಬ್ಬಿಯಲ್ಲಿ ಕೆರೆಯ ಕಡೆ ಹೊರಟಿರುತ್ತದೆ.

ಆ ಸಂಜೆಯ ಗಾಳವೇ ಬೇರೆ. ಉಳಿದ ದಿನ ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ, ಬೆಂಡು ನೋಡುತ್ತಾ ಕೂರುವುದು. ಈಸಲು ಎದ್ದ ದಿನ ಗುಂಡೂ ಬೇಡ, ಬೆಂಡೂ ಬೇಡ. ಸಣ್ಣ ಕೊಕ್ಕೆಗೆ ಎರಡು ಈಸಲು ಚುಚ್ಚಿ ನೀರಿನ ಮೇಲೆ ತೇಲಿಬಿಡಬೇಕು. ಮೊದಲು ಗೆಂಡೆ ಬರುತ್ತವೆ, ಆಮೇಲೆ ಜಿಲೇಬಿ. ಬಾಯಿ ಮೇಲ್ಮುಖವಾಗಿರುವ ಕಾಟ್ಲ ಮೊದಲೇ ಮೇಲ್ನೀರಿನ ಮೀನು, ಅದೂ ಏರುತ್ತದೆ. ಪಕ್ಕದಲ್ಲೇ ಎರೆಹುಳ ಇಳಿಬಿಟ್ಟರೆ ಒಂದೂ ಮೂಸುವುದಿಲ್ಲ. ಮಾರನೆಯ ಬೆಳಿಗ್ಗೆ ಯಾವ ಎರೆ ಹಾಕಿದರೂ ಪ್ರಯೋಜನವಿಲ್ಲ, ಹೊಟ್ಟೆ ತುಂಬಿದ ಮೀನಿಗೆ ಆಸೆಯಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯೊಳಗಿನ ಇನ್ನೊಂದು ಹುಳದ ಮಾತು ಹೇಳಬೇಕು. ನಮ್ಮದು ರೇಷ್ಮೆ ಸೀಮೆ. ಅವ್ವ ಮೂವತ್ತು ವರ್ಷದಿಂದ ಹುಳ ಮೇಯಿಸುತ್ತಿದ್ದಾರೆ. ರೇಷ್ಮೆ ಹುಳವೂ ಒಂದೇ ದಿನ ಒಟ್ಟಿಗೆ ಒಡೆದು ಹೊರಬರಬೇಕು. ಹಿಂದೆ ಮುಂದೆ ಆದರೆ ಒಂದು ತಟ್ಟೆಯ ಹುಳ ಸೊಪ್ಪು ತಿನ್ನುವಾಗ ಇನ್ನೊಂದು ಜ್ವರಕ್ಕೆ ಕೂತಿರುತ್ತದೆ. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಅದಕ್ಕೇ ಮೊಟ್ಟೆ ನೀಲಿ ತಿರುಗಿದ ಹೊತ್ತಿಗೆ ಕಪ್ಪು ಕಾಗದ ಸುತ್ತಿ ಕತ್ತಲಲ್ಲಿ ಇಡುತ್ತಾರೆ. ಮುಂಚೆ ಬೆಳೆದವು ಕತ್ತಲಲ್ಲಿ ಕಾಯುತ್ತವೆ, ತಡವಾದವು ಬಂದು ಸೇರಿಕೊಳ್ಳುತ್ತವೆ. ಎರಡು ದಿನ ಕಳೆದು ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕು ತೋರಿಸಿದರೆ ಎಲ್ಲ ಒಟ್ಟಿಗೆ ಒಡೆಯುತ್ತವೆ. ಹುತ್ತಕ್ಕೆ ಮಳೆ ಮಾಡುವ ಕೆಲಸವನ್ನು ಇಲ್ಲಿ ಕಪ್ಪು ಕಾಗದ ಮಾಡುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಯಾವ ವಾರ ಹೋಗಬೇಕು ಎಂದು ನೋಡಿಕೊಂಡು ಅವ್ವ ಹುಳ ಒಡೆಸುವ ದಿನವನ್ನು ತಾವೇ ಗೊತ್ತು ಮಾಡುತ್ತಾರೆ.

ಮೀನಿನ ಕಥೆಯೂ ಹೀಗೇ ಬದಲಾಗಿದೆ. ಕಾಟ್ಲ, ರೋಹು, ಮೃಗಾಲ್ ಮೂಲದಲ್ಲಿ ದೊಡ್ಡ ಹೊಳೆಯ ಮೀನುಗಳು. ಮುಂಗಾರಿನ ಹೊಸ ನೀರು ಉಕ್ಕಿ ಬಂದಾಗ ಮಾತ್ರ ಮೊಟ್ಟೆ ಇಡುತ್ತವೆ, ನಿಂತ ನೀರಿನ ಕೆರೆಯಲ್ಲಿ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿ ತೋರಿಸಿದರು. ಇವತ್ತು ನಮ್ಮ ಕೆರೆಗಳಿಗೆ ಬೀಳುವ ಮೀನುಮರಿ ಆ ವಿದ್ಯೆಯ ಫಲ. ಕೆರೆಯ ಮೀನು ಹರಾಜಾಗುತ್ತದೆ, ಗುತ್ತಿಗೆ ಹಿಡಿದವರು ಮರಿ ತಂದು ಬಿಡುತ್ತಾರೆ, ಬೆಳೆದ ಮೇಲೆ ಬಲೆ ಎಳೆಸುತ್ತಾರೆ. ಗಾಳದ ಮುದುಕರಿಗೆ ಕಣ್ಣು ಮುಚ್ಚಿ ಸುಮ್ಮನಿರುತ್ತಾರೆ, ಬೀಸುಬಲೆ ಕಂಡರೆ ಬಿಡುವುದಿಲ್ಲ.

ಇನ್ನು ನೀರು. ನಮ್ಮ ಕಡೆ ಮಳೆಗೆ ಎರಡು ಏರು. ಮೇ ತಿಂಗಳಲ್ಲೊಂದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅದಕ್ಕಿಂತ ದೊಡ್ಡದೊಂದು. ಕೆರೆ ತುಂಬಿ ಕೋಡಿ ಬೀಳುವುದಿದ್ದರೆ ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. 2022ರಲ್ಲಿ ಮಾತ್ರ ಆಗಸ್ಟ್ ಕೊನೆಗೇ ಮಘೆ ಮಳೆ ಹುಚ್ಚೆದ್ದು ಸುರಿದು, ರಾಮನಗರದ ಹತ್ತಿರ ಮೈಸೂರು ಹೆದ್ದಾರಿಯ ಮೇಲೆ ನೀರು ನಿಂತು ಬಸ್ಸು ಕಾರು ಮುಳುಗಿದವು. ಅಂಥ ವರ್ಷ ಬಿಟ್ಟರೆ, ಈಗ ಚನ್ನಪಟ್ಟಣ ತಾಲ್ಲೂಕಿನ ಎಷ್ಟೋ ಕೆರೆ ಮಳೆಯನ್ನೇ ನಂಬಿ ಕೂತಿಲ್ಲ. ಇಗ್ಗಲೂರಿನ ಬ್ಯಾರೇಜಿನಲ್ಲಿ ನಿಲ್ಲಿಸಿದ ಶಿಂಷಾ ನೀರನ್ನು ಪಂಪಿನಲ್ಲಿ ಎತ್ತಿ ಕೆರೆಗಳಿಗೆ ತುಂಬಿಸುತ್ತಾರೆ. ಬತ್ತಿದ ಬೋರ್‌ವೆಲ್‌ಗಳಿಗೆ ಅದರಿಂದ ಮರುಜೀವ ಬಂದಿದೆ, ತೆಂಗು, ಮಾವು, ರೇಷ್ಮೆ ಸೊಪ್ಪು ಉಳಿದಿವೆ. ಅದನ್ನು ಹಳಿಯುವ ಧೈರ್ಯ ನನಗಿಲ್ಲ, ನಾನು ಓದಿದ್ದೂ ಆ ಸೊಪ್ಪಿನ ದುಡ್ಡಿನಲ್ಲೇ.

ಒಟ್ಟಿನಲ್ಲಿ, ಮನೆಯ ಹುಳ ಕಪ್ಪು ಕಾಗದದ ಲೆಕ್ಕಕ್ಕೆ ಬಂತು, ಮೀನು ಸೂಜಿಯ ಲೆಕ್ಕಕ್ಕೆ ಬಂತು, ಕೆರೆಯ ನೀರು ಪಂಪಿನ ಲೆಕ್ಕಕ್ಕೆ ಬಂತು. ಎಲ್ಲವೂ ಒಳ್ಳೆಯದಕ್ಕೇ ಬಂದವು. ಮಳೆಯ ಲೆಕ್ಕದಲ್ಲಿ ಹಟ ಹಿಡಿದು ಉಳಿದಿರುವುದು ಈಸಲು ಒಂದೇ. ಅದನ್ನು ನಂಬಿದ ತಾತ ಹಳೆಯ ಕಾಲದವರು ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೂಜಿಯಿಂದ ಹುಟ್ಟಿ, ಪಂಪಿನ ನೀರಲ್ಲಿ ಬೆಳೆದ ಕಾಟ್ಲಕ್ಕೂ ಈಸಲು ಬಿದ್ದ ಸಂಜೆ ಮೇಲೆ ಬರಬೇಕು ಎಂದು ಗೊತ್ತಿದೆ. ಯಾರೂ ಅದಕ್ಕೆ ಕಲಿಸಿಲ್ಲ.

ಆ ಸಂಜೆಗೆ ಸರಿಯಾಗಿ ಊರಿನಲ್ಲಿ ಇರುವುದು ಹೇಗೆ ಎನ್ನುವುದೇ ನನ್ನ ತೊಂದರೆ. ಸಂಶೋಧನೆಗೂ ಒಂದು ಪಂಚಾಂಗವಿದೆ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ನಡುವೆ ಸೆಮಿನಾರು, ಮಾರ್ಗದರ್ಶಕರ ಬಿಡುವು, ಫೆಲೋಶಿಪ್ಪಿನ ಅರ್ಜಿ. ಇವೆಲ್ಲ ತಾರೀಖು ಕೇಳುತ್ತವೆ. ಹಾಸ್ಟೆಲಿನ ರಜೆ ಚೀಟಿಯಲ್ಲಿ ‘ಕಾರಣ’ ಎಂಬ ಖಾಲಿ ಜಾಗಕ್ಕೆ ‘ಗೆದ್ದಲು’ ಎಂದು ಬರೆಯಲಾಗುವುದಿಲ್ಲ. ಬೆಂಗಳೂರಿನಲ್ಲಿ ಗುಡುಗಿದರೆ ಹೊಂಗನೂರಿನಲ್ಲೂ ಮಳೆ ಎಂದೇನಿಲ್ಲ, ಬೇಸಿಗೆಯ ಗುಡುಗು ಮಳೆ ಒಂದು ಊರಿಗೆ ಬಿದ್ದು ಪಕ್ಕದ ಊರನ್ನು ಒಣಗಿಸಿ ಹೋಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅದರ ಅಂಕಿ ನೋಡುವುದನ್ನು ಕಲಿತೆ. ಮಿಲಿಮೀಟರು ಸಿಗುತ್ತದೆ. ಸೆಕೆಯೂ ಸೀಳೂ ಕಾಜಾಣವೂ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಕೊನೆಗೆ ತಾತನ ಫೋನೇ ಗತಿ.

2023 ಬರದ ವರ್ಷ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿ ನಮಗೆ ಬಕೆಟಿನ ಲೆಕ್ಕದಲ್ಲಿ ನೀರು. ಏಪ್ರಿಲ್ ಪೂರ್ತಿ ಒಣಗಿಕೊಂಡೇ ಹೋಯಿತು. ಮೇ ತಿಂಗಳು ಬಂದ ಮೇಲೆ ಎರಡು ಸಂಜೆ ಮಳೆ ಬಿತ್ತು. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಫೋನು. “ಮಗ, ಹುತ್ತ ಬಾಯ್ಬುಟ್ಟೈತೆ. ಬರಂಗಿದ್ರೆ ಇವತ್ತೇ ಬಾ. ನಾಳೀಕಂದ್ರೆ ನಂಗೊತ್ತಿಲ್ಲ.” ಅವತ್ತು ಒಂದು ಸೆಮಿನಾರು ಪ್ರಬಂಧ ಕಳಿಸಬೇಕಿತ್ತು. ರೈಲಿನಲ್ಲಿ ಕೂತು ಬಿಡದಿ ದಾಟುವಷ್ಟರಲ್ಲಿ ಅದನ್ನು ಮುಗಿಸಿ ಕಳಿಸಿದೆ. ಚನ್ನಪಟ್ಟಣದಲ್ಲಿ ಇಳಿದು ಆಟೋ ಹಿಡಿದೆ.

ತಾತನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಇನ್ನೊಂದರ ನರ ಒಣಗಿದೆ, ಅದಕ್ಕೆ ಮದ್ದಿಲ್ಲ. ಸಂಜೆಯಾದರೆ ಅವರಿಗೆ ಏರಿ ಯಾವುದು ನೀರು ಯಾವುದು ತಿಳಿಯುವುದಿಲ್ಲ. ಹಾಗಾಗಿ ಒಬ್ಬರೇ ಹೋಗಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದರು. ನಾನು ಟಾರ್ಚು ಹಿಡಿದು ಮುಂದೆ, ಅವರು ನನ್ನ ಹೆಗಲು ಹಿಡಿದು ಹಿಂದೆ. ನೀರು ತಳಕ್ಕೆ ಇಳಿದಿತ್ತು, ಕೆಸರು ದಾಟಿ ಒಂದು ಕಲ್ಲಿನ ಮೇಲೆ ಕೂತೆವು. ಟಾರ್ಚು ಆರಿಸು ಎಂದರು. ಬೆಳಕಿದ್ದರೆ ಹುಳ ನಮ್ಮ ಮೈಗೇ ಮುತ್ತುತ್ತದೆ.

ಕತ್ತಲಲ್ಲಿ ನನಗೆ ಏನೂ ಕಾಣಲಿಲ್ಲ. ತಾತನಿಗೆ ಕೇಳಿಸುತ್ತಿತ್ತು. “ಚುಳುಕ್ ಅಂತಲ್ಲ, ಅದು ಗೆಂಡೆ. ಬುಡು, ಮರಿ. ಬಲಗಡೆ ಗೊಳಕ್ ಅಂತು ನೋಡು, ಅದ್ಕೆ ಬಾಯಿ ದೊಡ್ದು. ಎರಡ್ ಮಾರು ಆಚೆ ಎಸಿ.” ಅವರು ಹೇಳಿದ ಕಡೆ ನಾನು ಎಸೆದೆ. ನೂಲು ಬಿಗಿಯಿತು. ಅದು ಜಿಲೇಬಿ, ಅಂಗೈಗಿಂತ ಅಗಲ. ಆಮೇಲೆ ಮೂರು ಗೆಂಡೆ. ನಡುವೆ ಒಂದು ಭಾರದ ಮೀನು ಎರಡು ಸಲ ಜಗ್ಗಿ ನೂಲು ಕಿತ್ತುಕೊಂಡು ಹೋಯಿತು. “ಕಾಟ್ಲ” ಎಂದು ಹೇಳಿ ತಾತ ಅದರ ತೂಕವನ್ನೂ ಅಂದಾಜು ಮಾಡಿದರು. ನನಗೆ ಅದನ್ನು ಒಪ್ಪುವುದೂ ಕಷ್ಟ, ಒಪ್ಪದಿರುವುದೂ ಕಷ್ಟ. ಮುಕ್ಕಾಲು ಗಂಟೆ ಆಗಿರಬಹುದು, ಸದ್ದು ಒಂದೊಂದಾಗಿ ನಿಂತಿತು. “ಮುಗೀತು, ಏಳು” ಎಂದರು. ಟಾರ್ಚು ಹಾಕಿ ನೋಡಿದರೆ ದಡದ ನೀರಿನ ಮೇಲೆಲ್ಲ ರೆಕ್ಕೆಗಳು ಹೊಟ್ಟಿನ ಹಾಗೆ ತೇಲುತ್ತಿದ್ದವು.

ಕಡತಗಳಲ್ಲಿ ಕೆರೆಯ ವಿಸ್ತೀರ್ಣ, ಅಚ್ಚುಕಟ್ಟು, ತೂಬಿನ ಅಳತೆ ಎಲ್ಲ ಇವೆ. ಮೀನು ಮೇಲೆ ಬಂದ ಸದ್ದಿನಿಂದ ಮೀನಿನ ಜಾತಿ ಹೇಳುವವರ ಬಗ್ಗೆ ನನಗೆ ಒಂದು ಸಾಲೂ ಸಿಕ್ಕಿಲ್ಲ. ಹೇಳುವವರು ಇರುವಷ್ಟು ದಿನ ಅದನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲವೇನೋ. ತಾತನ ಜೊತೆ ಗಾಳ ಹಾಕುತ್ತಿದ್ದವರಲ್ಲಿ ಈಗ ಊರಿನಲ್ಲಿ ಉಳಿದಿರುವವರು ಅವರೊಬ್ಬರೇ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ ಎಂದು ಒಮ್ಮೆ ಕೂರಿಸಿದೆ. ಅರ್ಧ ಗಂಟೆ ಮಾತಾಡಿ, “ಇದೆಲ್ಲ ಮಾತಲ್ಲಿ ಬರಾಕಿಲ್ಲ ಕಣವ್ವ, ಹುಳ ಎದ್ದ ದಿನ ಬಾ” ಎಂದು ಎದ್ದುಹೋದರು.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಅದಕ್ಕೂ ಮುಂಚಿನಿಂದಲೇ ನಮ್ಮಲ್ಲಿ ಮಳೆ. ತಾತನ ಫೋನು ಬಂದ ದಿನ ನಾನು ಮೈಸೂರಿನಲ್ಲಿ ಒಂದು ಸಂದರ್ಶನದ ಸಾಲಿನಲ್ಲಿ ನಿಂತಿದ್ದೆ. ಮಾರನೆಯ ದಿನ ಊರು ತಲುಪಿದಾಗ ಮೊದಲ ಸುತ್ತು ಮುಗಿದಿತ್ತು. ಅಂಗಳದ ತುಂಬ ರೆಕ್ಕೆ, ಅವ್ವ ಗುಡಿಸುತ್ತಿದ್ದರು. ನನ್ನ ಪಾಲಿನ ಹುರಿದ ಈಸಲು ಡಬ್ಬಿಯಲ್ಲಿತ್ತು. ತಾತ ಆ ಸಂಜೆ ಕೆರೆಗೆ ಹೋಗಿರಲಿಲ್ಲ, ಕರೆದುಕೊಂಡು ಹೋಗುವವರು ಇರಲಿಲ್ಲ.

ಈ ಸಲ ಲೆಕ್ಕ ಬದಲಾಯಿಸಿದ್ದೇನೆ. ಮಾರ್ಗದರ್ಶಕರಿಗೆ ನಿಜವನ್ನೇ ಹೇಳಿ, ಕೃತ್ತಿಕೆ ಮಳೆ ಹುಟ್ಟಿದ ದಿನವೇ ಲ್ಯಾಪ್‌ಟಾಪು, ಎರಡು ಚೀಲ ಪುಸ್ತಕ ಹೊತ್ತು ಊರಿಗೆ ಬಂದು ಕೂತಿದ್ದೇನೆ. ಹುಳ ಏಳುವ ದಿನಕ್ಕೆ ಪ್ರಯಾಣ ಗೊತ್ತು ಮಾಡಲು ಆಗದಿದ್ದರೆ, ಹುಳ ಏಳುವ ಜಾಗದಲ್ಲಿ ಮೊದಲೇ ಹೋಗಿ ಇರಬೇಕು, ಅಷ್ಟೇ. ತೂಬಿನ ಹಕ್ಕಿನ ಅಧ್ಯಾಯವನ್ನು ಸೊಪ್ಪಿನ ಕೋಣೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಒಂಬತ್ತು ದಿನವಾಯಿತು. ಎರಡು ಸಲ ಮೋಡ ಕಟ್ಟಿ ಗಾಳಿಗೆ ಹಾರಿಹೋಯಿತು. ಒಂದು ಸಲ ಧೂಳು ಅಡಗುವಷ್ಟು ಬಿತ್ತು. ಮೊನ್ನೆ ರಾತ್ರಿ ಮಾತ್ರ ಗಟ್ಟಿ ಮಳೆ, ನಿನ್ನೆ ಇಡೀ ದಿನ ಸೆಕೆ.

ತಾತ ದಿನಾ ಬೆಳಿಗ್ಗೆ ಮಾವಿನ ತೋಪಿನ ಹುತ್ತದ ಹತ್ತಿರ ಹೋಗಿ, ಕಣ್ಣಿಗೆ ಕಾಣದ ಸೀಳನ್ನು ಬೆರಳಲ್ಲಿ ಹುಡುಕುತ್ತಾರೆ. ಒಣ ಮಣ್ಣಿನ ಬಿರುಕಿಗೂ ಗೆದ್ದಲು ಕೊರೆದ ಬಾಯಿಗೂ ಅಂಚಿನಲ್ಲಿ ವ್ಯತ್ಯಾಸವಿದೆ, ಹೊಸ ಬಾಯಿಯ ಅಂಚು ತಣ್ಣಗೆ, ಜಿಗುಟಾಗಿ ಇರುತ್ತದೆ ಎಂದು ನನ್ನ ಬೆರಳು ಹಿಡಿದು ತೋರಿಸಿದ್ದಾರೆ. ಮೊದಲ ಎರಡು ದಿನ ನನಗೆ ಎರಡೂ ಒಂದೇ ಅನ್ನಿಸಿತ್ತು, ಈಗ ಒಂದಿಷ್ಟು ತಿಳಿಯುತ್ತಿದೆ. ನಾಳೆ ಬೆಳಿಗ್ಗೆ ಅವರು ಬರುವುದಿಲ್ಲವಂತೆ. ನಾನೊಬ್ಬಳೇ ಹೋಗಿ ಮುಟ್ಟಿ ನೋಡಿ ಬಂದು, ಇವತ್ತೋ ಅಲ್ಲವೋ ಹೇಳಬೇಕು.